ಕಾಫಿ, ಕೆಮ್ಮಣ್ಣು, ಗೋಣಿಚೀಲದಲ್ಲಿ ಚಿತ್ರ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಕುಶಾಲನಗರ ಕಡೆ ಚಿತ್ರ ಬರೆಯುವವರು, ಚಿತ್ರ ಕಲಿಯುವ ಮಕ್ಕಳ ಅಪ್ಪ ಅಮ್ಮಂದಿರು, ಹೋಂಸ್ಟೇ ಗೋಡೆಗೆ ಏನಾದರೂ ಹೊಸದು ಬೇಕು ಅನ್ನುವವರು, ಎಲ್ಲರೂ ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಹಾಕಿದ್ದೇನೆ. ಪುಸ್ತಕಗಳಲ್ಲಿ ಸಿಗುವ ಸಲಹೆಗಳು ಬಹಳಷ್ಟು ಒಣ ಹವೆಯ ಊರುಗಳಿಗೆ ಸರಿಹೋಗುತ್ತವೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಹಾಗಾಗಿ ಇಲ್ಲಿರುವುದೆಲ್ಲ ಮಳೆಗಾಲವನ್ನು ನೆನಪಿಟ್ಟುಕೊಂಡು ಬರೆದದ್ದು.

ಟ್ಯೂಬ್ ಬಣ್ಣ ಬಿಟ್ಟು ಕಾಫಿ, ಮಣ್ಣು ಅಂತ ಹೋಗುವುದು ಸುಮ್ನೆ ಗಿಮಿಕ್ ಅಲ್ವಾ?

ಎಷ್ಟೋ ಸಲ ಹೌದು. ಇದನ್ನು ಪರೀಕ್ಷಿಸುವುದು ಸುಲಭ. ಅದೇ ಚಿತ್ರವನ್ನು ಅಂಗಡಿಯ ಬಣ್ಣದಲ್ಲಿ ಬರೆದರೆ ಏನಾದರೂ ಕಳೆದುಹೋಗುತ್ತದಾ? ಏನೂ ಕಳೆಯದಿದ್ದರೆ ಅಂಗಡಿಯ ಬಣ್ಣವೇ ಒಳ್ಳೆಯದು, ಬಾಳಿಕೆಯೂ ಜಾಸ್ತಿ.

ಕಳೆದುಹೋಗುವ ಉದಾಹರಣೆ ಬೇಕಾದರೆ ನಮ್ಮ ಕರ್ನಾಟಕದವರೇ ಇದ್ದಾರೆ. ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾ ಶಾಲೆ, ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತವರು. ಕಲಿತದ್ದು ಚಿತ್ರಕಲೆಯನ್ನೇ. 1990ರ ದಶಕದ ಶುರುವಿನಲ್ಲಿ, ದೇಶದಲ್ಲಿ ಕೋಮುಗಲಭೆಗಳು ನಡೆದ ಹೊತ್ತಿಗೆ, ಅವರು ಸೆಗಣಿಯನ್ನು ಕೈಗೆತ್ತಿಕೊಂಡರು. ಸೆಗಣಿ ಅಂದರೆ ಅಂಗಳ ಸಾರಿಸುವುದು, ಬೆರಣಿ, ಹೆಂಗಸರ ದಿನನಿತ್ಯದ ದುಡಿಮೆ, ಜೊತೆಗೆ ಪವಿತ್ರ ಅನ್ನುವ ಭಾವ. ಇದೆಲ್ಲ ಆ ವಸ್ತುವಿನಲ್ಲಿ ಮೊದಲೇ ಇದೆ. 1998ರಲ್ಲಿ ಅವರು ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಕುಂಕುಮ ಮತ್ತು ಅಂಟು ಸವರಿ ಹಗ್ಗದ ಹಾಗೆ ಮಾಡಿ, ಕೋಣೆಯಲ್ಲಿ ಗೆರೆ ಎಳೆದ ಹಾಗೆ ಇಳಿಬಿಟ್ಟರು. ಆ ಕೆಂಪನ್ನು ಬಣ್ಣದ ಡಬ್ಬಿಯಿಂದ ತಂದಿದ್ದರೆ ಅದು ಬರೇ ಕೆಂಪು ಹಗ್ಗ ಆಗುತ್ತಿತ್ತು.

ಇನ್ನೊಂದು ಕಡೆ, ಕಾಫಿ ಡಿಕಾಕ್ಷನ್‌ನಲ್ಲಿ ಕಾಫಿ ಕಪ್ಪಿನ ಚಿತ್ರ. ಹೋಂಸ್ಟೇಗಳಲ್ಲಿ ಇದು ಧಾರಾಳವಾಗಿ ಸಿಗುತ್ತದೆ. ನೋಡಿದವರು ಒಂದು ಸಲ ನಗುತ್ತಾರೆ, ಅಷ್ಟೇ. ಅದೇ ಡಿಕಾಕ್ಷನ್‌ನಲ್ಲಿ ತೋಟದ ಕೆಲಸಗಾರರು ಇರುವ ಲೈನ್ ಮನೆಯ ಚಿತ್ರ ಬರೆದರೆ ಕಾಫಿಗೂ ಚಿತ್ರಕ್ಕೂ ಮಾತು ಶುರುವಾಗುತ್ತದೆ. ಇದು ನನ್ನ ಅಭಿಪ್ರಾಯ, ಒಪ್ಪದವರು ಬಹಳ ಜನ ಇದ್ದಾರೆ.

ಇದೆಲ್ಲ ಈಗ ಶುರುವಾದ ಫ್ಯಾಷನ್ನಾ?

ಅಲ್ಲ. ಬಂಗಾಳದ ಜಾಮಿನಿ ರಾಯ್ ವಿಲಾಯಿತಿ ತೈಲವರ್ಣ ಬಿಟ್ಟು ಮಣ್ಣು, ಸೀಮೆಸುಣ್ಣ, ಮಸಿ, ಹುಣಸೆಬೀಜದ ಅಂಟಿಗೆ ಬಂದು ತುಂಬಾ ಕಾಲ ಆಯಿತು. ಅಮೆರಿಕದ ಜಾಕ್ಸನ್ ಪೊಲಾಕ್ 1947ರ ಸುಮಾರಿಗೆ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಮನೆಗೆ ಬಳಿಯುವ ಎನಾಮಲ್ ಪೇಂಟನ್ನು ಕೋಲಿನಿಂದ ತೊಟ್ಟಿಕ್ಕಿಸಿದ. ಮಡಿಕೇರಿ ದಸರಾ ಮೆರವಣಿಗೆಯ ಸ್ತಬ್ಧಚಿತ್ರಗಳಾದ ದಶಮಂಟಪಗಳನ್ನು ನೋಡಿ ಬೆಳೆದವರಿಗಂತೂ ಥರ್ಮಾಕೋಲ್, ತಂತಿ, ಬಟ್ಟೆ, ಬಲ್ಬು ಸೇರಿಸಿ ದೇವಾಸುರರನ್ನು ನಿಲ್ಲಿಸುವುದರಲ್ಲಿ ಆಶ್ಚರ್ಯ ಏನಿದೆ?

ಚಿತ್ರಕ್ಕೆ ಯಾವ ಕಾಫಿಪುಡಿ ಒಳ್ಳೆಯದು? ಅರೇಬಿಕಾನಾ, ರೋಬಸ್ಟಾನಾ?

ಬಣ್ಣದ ಮಟ್ಟಿಗೆ ಅರೇಬಿಕಾ, ರೋಬಸ್ಟಾ ವ್ಯತ್ಯಾಸ ದೊಡ್ಡದಲ್ಲ. ಎಷ್ಟು ಹುರಿದಿದ್ದೀರಿ ಅನ್ನುವುದು ಮುಖ್ಯ. ಹಸಿರು ಬೀಜದಲ್ಲಿ ಈ ಕಂದು ಇರುವುದೇ ಇಲ್ಲ. ಹುರಿಯುವಾಗ ಸಕ್ಕರೆ ಮತ್ತು ಪ್ರೋಟೀನ್ ಸೇರಿ ಹುಟ್ಟುವ ಬಣ್ಣ ಅದು. ಕಡಿಮೆ ಹುರಿದರೆ ಜೇನಿನ ಬಣ್ಣ, ಚೆನ್ನಾಗಿ ಹುರಿದರೆ ಗಾಢ ಕಂದು.

ನಿಜವಾಗಿ ನೋಡಬೇಕಾದ್ದು ಚಿಕೋರಿ. ನಾವು ಕುಡಿಯುವ ಫಿಲ್ಟರ್ ಪುಡಿಯಲ್ಲಿ ಅದು ಸಾಮಾನ್ಯ. ಬಣ್ಣ ದಟ್ಟವಾಗಿ ಬರುತ್ತದೆ, ಖುಷಿಯಾಗುತ್ತದೆ. ಆದರೆ ಅದರಲ್ಲಿ ಸಿಹಿ ಅಂಶ ಇರುವುದರಿಂದ ಬೇಗ ಒಣಗುವುದಿಲ್ಲ. ಒಣಗಿದರೂ ಮಳೆಗಾಲದಲ್ಲಿ ಮತ್ತೆ ತೇವ ಎಳೆದುಕೊಂಡು ಕೈಗೆ ಅಂಟುತ್ತದೆ. ಹಾಗಾಗಿ ಚಿತ್ರಕ್ಕೆ ಚಿಕೋರಿ ಇಲ್ಲದ ಪುಡಿಯೇ ಸರಿ. ಇನ್‌ಸ್ಟಂಟ್ ಪುಡಿಯಲ್ಲಿ ಗಷ್ಟು ಇರುವುದಿಲ್ಲ, ಅದು ಅನುಕೂಲ. ಅದನ್ನೂ ಗಟ್ಟಿಯಾಗಿ ಕಲಸಿ ಹಚ್ಚಿದರೆ ಅಂಟುತ್ತದೆ, ಕೆಲವೊಮ್ಮೆ ಬಿರುಕು ಬಿಡುತ್ತದೆ.

ಮಾಡುವ ಕ್ರಮ ಹೀಗೆ. ಫಿಲ್ಟರ್‌ನಲ್ಲಿ ಗಟ್ಟಿ ಡಿಕಾಕ್ಷನ್ ಇಳಿಸಿ. ತೆಳು ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿ. ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಂಗಿಸಿ. ಸ್ವಲ್ಪ ಗಮ್ ಅರೇಬಿಕ್ ಅಂಟಿನ ನೀರು ಸೇರಿಸಿ. ಕಾಗದ ದಪ್ಪ ಇರಲಿ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ), ಹತ್ತಿಯದ್ದಾದರೆ ಇನ್ನೂ ಒಳ್ಳೆಯದು. ತೆಳು ಪದರ ಹಾಕಿ, ಪೂರ್ತಿ ಒಣಗಿಸಿ, ಆಮೇಲೆ ಇನ್ನೊಂದು. ಕಾಫಿ ಒಣಗಿದ ಮೇಲೂ ನೀರಿಗೆ ಕರಗುತ್ತದೆ. ಎರಡನೇ ಪದರ ಹಾಕುವಾಗ ಬ್ರಷ್ಷನ್ನು ಉಜ್ಜಿದರೆ ಕೆಳಗಿನದು ಎದ್ದುಬರುತ್ತದೆ. ಒಂದೇ ಸಲ ಎಳೆದು ಬಿಟ್ಟುಬಿಡಿ.

ಕಾಫಿ ಚಿತ್ರಕ್ಕೆ ಬೂಷ್ಟು ಬಂತು. ಈಗೇನು ಮಾಡುವುದು?

ಕೊಡಗಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಜುಲೈ ಬಂತು ಅಂದರೆ ಫೋನ್ ಶುರು.

ಗಾಳಿಯ ತೇವಾಂಶ ಶೇಕಡಾ 65-70 ದಾಟಿ ಅಲ್ಲೇ ನಿಂತರೆ ಬೂಷ್ಟಿಗೆ ಹಬ್ಬ. ನಮ್ಮ ಮಳೆಗಾಲದಲ್ಲಿ ಅದು ವಾರಗಟ್ಟಲೆ ಅದಕ್ಕಿಂತ ಮೇಲೇ ಇರುತ್ತದೆ. ಕಾಗದ, ಅಂಟು, ಕಾಫಿ, ಮೂರೂ ಬೂಷ್ಟಿಗೆ ಊಟವೇ.

ಬಂದ ಮೇಲೆ ಮೊದಲು ಮಾಡಬೇಕಾದ್ದು, ಆ ಚಿತ್ರವನ್ನು ಬೇರೆ ಚಿತ್ರಗಳಿಂದ ದೂರ ಇಡುವುದು. ಒದ್ದೆ ಬಟ್ಟೆಯಿಂದ ಒರೆಸಬೇಡಿ. ಬೂಷ್ಟು ಹರಡುತ್ತದೆ, ಕಾಫಿಯೂ ಎದ್ದುಬರುತ್ತದೆ. ಫ್ರೇಮಿನಿಂದ ಬಿಚ್ಚಿ, ಗಾಳಿ ಆಡುವ ಒಣ ಜಾಗದಲ್ಲಿ ನೆರಳಿನಲ್ಲಿ ಒಣಗಿಸಿ. ಬೂಷ್ಟು ಪುಡಿಪುಡಿ ಆದ ಮೇಲೆ ಮೆತ್ತನೆ ಬ್ರಷ್‌ನಿಂದ ಮನೆಯ ಹೊರಗೆ ನಿಂತು ಗುಡಿಸಿ. ಮಾಸ್ಕ್ ಹಾಕಿಕೊಳ್ಳಿ. ಬಿಸಿಲಿಗಿಟ್ಟರೆ ಬೂಷ್ಟು ಸಾಯುತ್ತದೆ ಅಂತ ಹೇಳುವವರಿದ್ದಾರೆ. ಜೊತೆಗೆ ನಿಮ್ಮ ಬಣ್ಣವೂ ಮಂಕಾಗುತ್ತದೆ.

ಬಾರದ ಹಾಗೆ ನೋಡಿಕೊಳ್ಳುವುದೇ ಸುಲಭ. ನೈಋತ್ಯ ಮಳೆ ಬಡಿಯುವ ಹೊರಗೋಡೆಗೆ ಚಿತ್ರ ತೂಗುಹಾಕಬೇಡಿ, ಒಳಗಿನ ಅಡ್ಡಗೋಡೆ ಒಳ್ಳೆಯದು. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ಚೂರು ಅಂಟಿಸಿ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡಲಿ. ಗಾಜಿಗೆ ಚಿತ್ರ ತಾಗಬಾರದು, ನಡುವೆ ಮೌಂಟ್ ಬೋರ್ಡ್ ಇರಬೇಕು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೀರುವಿನಲ್ಲಿಡುವುದು ಎಲ್ಲಕ್ಕಿಂತ ಕೆಟ್ಟದ್ದು, ಯಾಕಂದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಬಟ್ಟೆ ಬೀರುವಿನಲ್ಲಿ ಸಣ್ಣ ಬಲ್ಬು ಉರಿಸಿ ಬೆಚ್ಚಗಿಡುವ ಪದ್ಧತಿ ಇಲ್ಲಿ ಹಳೆಯದು. ಚಿತ್ರಕ್ಕೂ ಅದು ನಡೆಯುತ್ತದೆ. ಆದರೆ ಬಲ್ಬು ಕಾಗದದಿಂದ ದೂರ ಇರಬೇಕು.

ಡಿಕಾಕ್ಷನ್‌ಗೆ ಲವಂಗದ ಎಣ್ಣೆ ಹಾಕಿದರೆ ಸಾಕಾ ಅಂತ ಕೇಳುತ್ತಾರೆ. ಬಾಟಲಿಯಲ್ಲಿ ಹಾಳಾಗುವುದು ಸ್ವಲ್ಪ ತಡವಾಗಬಹುದು. ಗೋಡೆಯ ಮೇಲಿನ ಚಿತ್ರವನ್ನು ಅದು ಕಾಯುವುದಿಲ್ಲ.

ಇರುವೆ ಬರುತ್ತದಾ?

ಸಿಹಿ ಇದ್ದರೆ ಬರುತ್ತದೆ. 1970ರಲ್ಲಿ ವೆನಿಸ್ ಬಿನಾಲೆಯಲ್ಲಿ (ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನ) ಎಡ್ ರುಶೇ ಎಂಬ ಅಮೆರಿಕನ್ ಕಲಾವಿದ ಕಾಗದಕ್ಕೆ ಚಾಕೊಲೇಟ್ ಮುದ್ರಿಸಿ ಇಡೀ ಕೋಣೆಯ ಗೋಡೆಗೆ ಹೊದಿಸಿದ್ದ. ವಿಯೆಟ್ನಾಂ ಯುದ್ಧದ ಕಾಲ ಅದು. ನೋಡಲು ಬಂದವರು ಚಾಕೊಲೇಟಿನ ಮೇಲೆ ಬೆರಳಿನಿಂದ ಯುದ್ಧ ಬೇಡ ಅಂತ ಬರೆದರು. ಉಳಿದದ್ದಕ್ಕೆ ಇರುವೆ ಬಂದವು. ನಿಮ್ಮ ಚಿತ್ರಕ್ಕೆ ಬೆಲ್ಲ, ಜೇನು, ಸಕ್ಕರೆ ಹಾಕದಿದ್ದರೆ ಇರುವೆಯ ತಲೆನೋವು ಅಷ್ಟಿಲ್ಲ. ಗೆದ್ದಲು ಮತ್ತು ಬೆಳ್ಳಿಹುಳ ಬೇರೆ ಕಥೆ. ಅವಕ್ಕೆ ಮೈದಾ ಅಂಟು, ಗಂಜಿ ಅಂದರೆ ಪ್ರಾಣ.

ನಮ್ಮ ತೋಟದ ಕೆಮ್ಮಣ್ಣಿನಿಂದ ಬಣ್ಣ ಮಾಡುವುದು ಹೇಗೆ?

ಇದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಕಾಫಿಯ ಹಾಗೆ ಮಣ್ಣು ಮಾಸುವುದಿಲ್ಲ. ಅದರ ಕೆಂಪು ಬರುವುದು ಕಬ್ಬಿಣದ ಆಕ್ಸೈಡಿನಿಂದ. ಗುಹೆಗಳಲ್ಲಿ ಸಾವಿರಾರು ವರ್ಷ ಉಳಿದ ಚಿತ್ರಗಳ ಕೆಂಪೂ ಇದೇ.

ಮೇಲಿನ ಒಂದು ಅಡಿ ಮಣ್ಣು ಬೇಡ. ಅದರಲ್ಲಿ ಎಲೆ, ಬೇರು, ಗೊಬ್ಬರ ಸೇರಿ ಬೂಷ್ಟಿಗೆ ದಾರಿಯಾಗುತ್ತದೆ. ಬಾವಿ ತೋಡಿದಾಗ, ಮನೆಗೆ ಪಾಯ ತೆಗೆದಾಗ ಸಿಗುವ ಕೆಳಗಿನ ಮಣ್ಣು ಒಳ್ಳೆಯದು. ಒಣಗಿಸಿ, ಕುಟ್ಟಿ, ಜರಡಿ ಹಿಡಿಯಿರಿ. ಬಕೆಟ್ಟಿನ ನೀರಿಗೆ ಹಾಕಿ ಚೆನ್ನಾಗಿ ಕಲಕಿ ಒಂದು ನಿಮಿಷ ಬಿಡಿ. ಮರಳು ತಳಕ್ಕೆ ಇಳಿಯುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ. ಹೀಗೆ ಎರಡು ಮೂರು ಸಲ ಮಾಡಿ. ಕೊನೆಯ ಪಾತ್ರೆಯನ್ನು ಅಲುಗಿಸದೆ ರಾತ್ರಿ ಇಡೀ ಬಿಟ್ಟರೆ ತಳದಲ್ಲಿ ಬೆಣ್ಣೆಯಂಥ ಮಣ್ಣು ಕೂತಿರುತ್ತದೆ. ನೀರು ಬಸಿದು, ತಟ್ಟೆಯಲ್ಲಿ ಒಣಗಿಸಿ, ಪುಡಿ ಮಾಡಿಟ್ಟುಕೊಳ್ಳಿ. ಒಣ ಪುಡಿ ಅರೆಯುವಾಗ ಮಾಸ್ಕ್ ಬೇಕೇ ಬೇಕು. ಆ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಹಳದಿ ಮಣ್ಣು ಸಿಕ್ಕಿದರೆ ಇನ್ನೊಂದು ಆಟ ಇದೆ. ಅರ್ಧ ತೆಗೆದು ಹಳೆ ಕಬ್ಬಿಣದ ಬಾಣಲೆಯಲ್ಲಿ ಜೋರು ಉರಿಯಲ್ಲಿ ಹುರಿಯಿರಿ. ಹಳದಿ ಮಣ್ಣಿನ ಕಬ್ಬಿಣದ ಅಂಶದಲ್ಲಿ ನೀರು ಕೂಡಿರುತ್ತದೆ. ಕಾವಿಗೆ ನೀರು ಹೋದರೆ ಅದು ಕೆಂಪಾಗುತ್ತದೆ. ಒಂದೇ ಮಣ್ಣಿನಿಂದ ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಮೂರೂ ಸಿಗುತ್ತವೆ. ಮಕ್ಕಳು ಇದನ್ನು ನೋಡಿದರೆ ಒಲೆ ಬಿಟ್ಟು ಏಳುವುದಿಲ್ಲ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಮಣ್ಣನ್ನು ಹೀಗೆ ತೊಳೆದು ಸೋಸದೆಯೂ ಕೆಲಸ ಮಾಡಬಹುದು. ಇಂಗ್ಲೆಂಡಿನ ರಿಚರ್ಡ್ ಲಾಂಗ್ ಏವನ್ ನದಿಯ ಕೆಸರನ್ನು ಬರಿಗೈಯಿಂದ ಗ್ಯಾಲರಿಯ ಗೋಡೆಗೆ ಬಳಿಯುತ್ತಾರೆ. ಇದೇ ಕಲಾವಿದ ನಮ್ಮ ವಾರ್ಲಿ ಚಿತ್ರಕಾರ ಜಿವ್ಯಾ ಸೋಮಾ ಮಾಶೆ ಜೊತೆ 2003ರಲ್ಲಿ ಜರ್ಮನಿಯಲ್ಲಿ ಪ್ರದರ್ಶನ ಮಾಡಿದ್ದರು. ಗೋಡೆಗೆ ಮಣ್ಣು ಬಳಿಯುವುದು ಇಬ್ಬರಿಗೂ ಗೊತ್ತಿದ್ದ ವಿದ್ಯೆ.

ಮಣ್ಣನ್ನು ಎಲ್ಲಿಂದ ಬೇಕಾದರೂ ತರಬಹುದಾ?

ಇಲ್ಲ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಇವೆಲ್ಲ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಜಾಗಗಳು. ಅಲ್ಲಿಂದ ಮಣ್ಣು, ತೊಗಟೆ, ಬೀಜ ತರುವ ಯೋಚನೆ ಬೇಡ. ನಿಮ್ಮ ತೋಟದ್ದು, ಇಲ್ಲವೇ ಕೇಳಿ ತಂದ ನೆರೆಯವರದ್ದು ಸಾಕು.

ಇನ್ನೊಂದು ಪ್ರಶ್ನೆ ಆಗಾಗ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಜಾಗದ ಮಣ್ಣು ಬಳಸಬಹುದಾ ಅಂತ. ಹೊರಗಿನಿಂದ ಬಂದ ಕಲಾವಿದರು ಇದನ್ನು ಜಾಸ್ತಿ ಕೇಳುತ್ತಾರೆ. ಮೊದಲನೆಯದಾಗಿ, ಕುಸಿದ ಇಳಿಜಾರು ಗಟ್ಟಿಯಾಗಿದೆ ಅಂತ ನಂಬಬಾರದು. ಅಲ್ಲಿ ಅಗೆಯುವುದೇ ಅಪಾಯ. ಎರಡನೆಯದು, ಆ ಮಣ್ಣಿನ ಕೆಳಗೆ ಜನ ಮನೆ ಕಳೆದುಕೊಂಡಿದ್ದಾರೆ, ಮನೆಯವರನ್ನೂ ಕಳೆದುಕೊಂಡಿದ್ದಾರೆ. ಕಳೆದುಕೊಂಡವರೇ ತಮ್ಮ ಅಂಗಳದ ಮಣ್ಣು ತೆಗೆದು ಚಿತ್ರ ಬರೆದರೆ ಅದರ ಬಗ್ಗೆ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಬೇರೆಯವರು ಅವರನ್ನು ಕೇಳದೆ ಒಂದು ಹಿಡಿಯೂ ತೆಗೆಯಬಾರದು. ಕೆಂಪು ಚೆನ್ನಾಗಿದೆ ಅನ್ನುವುದು ಕಾರಣ ಆಗುವುದಿಲ್ಲ.

ಮಣ್ಣಿಗೆ ಫೆವಿಕಾಲ್ ಹಾಕಿದರೆ ಆಗುತ್ತದಾ?

ಶಾಲೆಯ ಚಾರ್ಟಿಗೆ ಆಗುತ್ತದೆ. ಉಳಿಯಬೇಕಾದ ಚಿತ್ರಕ್ಕೆ ಬೇಡ. ಬಿಳಿ ಮರದಂಟು ತೇವಕ್ಕೆ ಮೆತ್ತಗಾಗುತ್ತದೆ, ನಮ್ಮ ಮಳೆಗಾಲಕ್ಕೆ ಅದು ಹೇಳಿದ್ದಲ್ಲ. ಕ್ಯಾನ್ವಾಸಿಗೆ ಅಕ್ರಿಲಿಕ್ ಮೀಡಿಯಂ, ಕಾಗದಕ್ಕೆ ಗಮ್ ಅರೇಬಿಕ್. ಒಣಗಿದ ಮೇಲೆ ಬೆರಳಿನಿಂದ ಉಜ್ಜಿ ನೋಡಿ. ಪುಡಿ ಬಂದರೆ ಅಂಟು ಕಡಿಮೆ, ಹೊಳೆದರೆ ಜಾಸ್ತಿ.

ಹಳೆ ದಾರಿಯೇ ಬೇಕು ಅನ್ನುವವರಿಗೆ ಹುಣಸೆಬೀಜದ ಅಂಟು ಇದೆ. ಬೀಜ ಹುರಿದು, ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಕುದಿಸಬೇಕು. ಒಡಿಶಾದ ಪಟಚಿತ್ರದವರು ಬಟ್ಟೆಯನ್ನು ಗಟ್ಟಿ ಮಾಡುವುದು ಇದರಿಂದಲೇ. ಆದರೆ ಬೇಗ ಹಳಸುತ್ತದೆ. ಬೇಕಾದಷ್ಟೇ ಮಾಡಿಕೊಳ್ಳಿ.

ಕಾಚಂಪುಳಿಯಿಂದ ಕಪ್ಪು ಬಣ್ಣ ಬರುತ್ತದಾ?

ಕಾಚಂಪುಳಿ, ಅಂದರೆ ಅಡುಗೆಗೆ ಹಾಕುವ ನಮ್ಮ ಕೊಡಗಿನ ಗಟ್ಟಿ ಹುಳಿ, ಕಪ್ಪಾಗಿದೆ ಅಂತ ನೇರವಾಗಿ ಹಚ್ಚಿದರೆ ಅಂಟು ಅಂಟಾಗಿ ಹಾಗೇ ಕೂರುತ್ತದೆ. ಕಪ್ಪು ಬೇಕಾದರೆ ದಾರಿ ಬೇರೆ ಇದೆ. ತುಕ್ಕು ಹಿಡಿದ ಮೊಳೆಗಳನ್ನು ಹುಳಿಯಲ್ಲಿ ನೆನೆಸಿದರೆ ಕಬ್ಬಿಣ ನೀರಿಗೆ ಇಳಿಯುತ್ತದೆ. ಆ ನೀರು ಚೊಗರಿಗೆ ತಾಗಿದರೆ ಕಪ್ಪಾಗುತ್ತದೆ. ಶ್ರೀಕಾಳಹಸ್ತಿಯ ಕಲಂಕಾರಿಯವರು ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಕೊಳೆಸಿ, ಅಳಲೆಕಾಯಿ ರಸ ಕುಡಿಸಿದ ಬಟ್ಟೆಯ ಮೇಲೆ ಗೆರೆ ಎಳೆಯುವುದು ಇದೇ ಲೆಕ್ಕದಲ್ಲಿ. ನಮ್ಮಲ್ಲಿ ಅಡಿಕೆ ಚೊಗರು ಸಿಗುತ್ತದೆ. ಒಣಗಿದ ಕಾಫಿ ಬಣ್ಣದ ಮೇಲೆ ಮೊಳೆ ನೀರು ಹಾಕಿದರೆ ಕಂದು ಹೋಗಿ ಹಸಿರು ಛಾಯೆಯ ಕಪ್ಪಿಗೆ ತಿರುಗುತ್ತದೆ. ನೋಡಲು ಬಹಳ ಚೆನ್ನ. ಒಂದೇ ತೊಂದರೆ, ಇಂಥ ಕಬ್ಬಿಣದ ಶಾಯಿ ವರ್ಷಗಳು ಕಳೆದಂತೆ ಕಾಗದವನ್ನೇ ತಿನ್ನುತ್ತದೆ.

ಹುಳಿಗೆ ಅಂಗಡಿಯ ಬಿಳಿ ವಿನೆಗರ್ ಸಾಕು. ಕಾಚಂಪುಳಿಯನ್ನು ಪಂದಿಕರಿಗೆ ಇಡಿ.

ಅರಿಶಿನ, ಬೀಟ್‌ರೂಟ್, ಹೂವಿನ ರಸ?

ಬೀಟ್‌ರೂಟ್ ಮತ್ತು ಹೂವಿನ ರಸ ಮಕ್ಕಳ ಆಟಕ್ಕೆ ಮಾತ್ರ. ಅರಿಶಿನ ಸುಣ್ಣ ತಾಗಿದರೆ ಕೆಂಪಾಗುವುದು ಎಲ್ಲರಿಗೂ ಗೊತ್ತು. ಬೆಳಕಿಗೆ ಎಷ್ಟು ಬೇಗ ಮಾಸುತ್ತದೆ ಅನ್ನುವುದು ಗೊತ್ತಿರುವುದಿಲ್ಲ. ಒಂದು ಚೂರು ಕಾಗದಕ್ಕೆ ಹಚ್ಚಿ, ಅರ್ಧಕ್ಕೆ ರಟ್ಟು ಮುಚ್ಚಿ, ಮಾರ್ಚ್ ತಿಂಗಳ ಬಿಸಿಲಿನ ಕಿಟಕಿಗೆ ಅಂಟಿಸಿಡಿ. ರಟ್ಟು ತೆಗೆದಾಗ ಬೇರೆ ವಿವರಣೆ ಬೇಡ.

ಇದು ಅಡುಗೆಮನೆಯ ಬಣ್ಣಕ್ಕೆ ಮಾತ್ರ ಆಗುವ ಗತಿಯಲ್ಲ. ಅಮೆರಿಕದ ಚಿತ್ರಕಾರ ಮಾರ್ಕ್ ರಾಥ್ಕೋ 1960ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬರೆದ ದೊಡ್ಡ ಚಿತ್ರಗಳಲ್ಲಿ ಲಿಥಾಲ್ ರೆಡ್ ಎಂಬ ಕೆಂಪು ಬಳಸಿದ್ದ. ದೊಡ್ಡ ಕಿಟಕಿಗಳ ಊಟದ ಕೋಣೆಯಲ್ಲಿ ಬಿಸಿಲು ಬಿದ್ದು ಅದು ಮಾಸಿಹೋಯಿತು. ಕೊನೆಗೆ 2014ರಲ್ಲಿ ಚಿತ್ರವನ್ನು ಮುಟ್ಟದೆ, ಪ್ರೊಜೆಕ್ಟರ್‌ನಿಂದ ಕಳೆದುಹೋದ ಬಣ್ಣವನ್ನು ಬೆಳಕಾಗಿ ಬೀಳಿಸಿ ಪ್ರದರ್ಶನ ಮಾಡಿದರು.

ಕಾಫಿ ತುಂಬಿದ್ದ ಗೋಣಿಚೀಲದ ಮೇಲೆ ಬರೆಯಬಹುದಾ?

ಬರೆಯಬಹುದು. ಇದಕ್ಕೆ ಒಳ್ಳೆಯ ಹಿರಿಯರಿದ್ದಾರೆ. ಇಟಲಿಯ ಅಲ್ಬರ್ಟೊ ಬುರ್ರಿ ಸೈನ್ಯದಲ್ಲಿ ಡಾಕ್ಟರ್. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಅಮೆರಿಕದ ಟೆಕ್ಸಸ್‌ನ ಶಿಬಿರದಲ್ಲಿದ್ದಾಗ ಗೋಣಿಬಟ್ಟೆಯ ಮೇಲೆ ಚಿತ್ರ ಶುರು ಮಾಡಿದ. ಆಮೇಲೆ ಹರಿದ ಗೋಣಿಗಳನ್ನೇ ಹೊಲಿದು, ತೇಪೆ ಹಾಕಿ ಚಿತ್ರ ಮಾಡಿದ. ಗಾಯಕ್ಕೆ ಹೊಲಿಗೆ ಹಾಕಿದ ಹಾಗೆ ಕಾಣುತ್ತವೆ. ಈ ಕಾಲದವರಲ್ಲಿ ಘಾನಾದ ಇಬ್ರಾಹಿಂ ಮಹಾಮಾ ಇದ್ದಾರೆ. ಕೋಕೋ ತುಂಬಿದ್ದ ಹಳೆ ಗೋಣಿಗಳನ್ನು ಸೇರಿಸಿ ಹೊಲಿಸಿ ಇಡೀ ಕಟ್ಟಡಗಳಿಗೆ ಹೊದಿಸುತ್ತಾರೆ. 2017ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಕಲಾ ಪ್ರದರ್ಶನದಲ್ಲೂ ಮಾಡಿದ್ದರು. ಗೋಣಿಯ ಮೇಲಿನ ಗುರುತು, ಕಲೆ, ಹೆಸರುಗಳನ್ನು ಅವರು ಅಳಿಸುವುದಿಲ್ಲ. ಯಾರು ಹೊತ್ತರು, ಯಾರು ಮಾರಿದರು ಅನ್ನುವುದು ಅಲ್ಲೇ ಇದೆಯಲ್ಲ. ಕಾಫಿ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸದ ಮಾತು: ಗೋಣಿಯನ್ನು ಕೊಡವಿ, ಒಗೆದು, ಬಿಸಿಲಿಗೆ ಒಣಗಿಸಿ. ಸೆಣಬು ತಾನಾಗಿಯೇ ಕಂದಾಗುತ್ತದೆ, ಕಾಲ ಹೋದಂತೆ ಮುರುಕಲಾಗುತ್ತದೆ. ಹಿಂದೆ ಹತ್ತಿ ಕ್ಯಾನ್ವಾಸ್ ಅಥವಾ ಪ್ಲೈವುಡ್ ಕೊಟ್ಟು ಅಂಟಿಸಿ. ಮೊದಲ ಪದರವಾಗಿ ಬಳಿಯುವ ಅಕ್ರಿಲಿಕ್ ಜೆಸ್ಸೋ ಹಚ್ಚದೆ ತೈಲವರ್ಣ ಹಾಕಲೇಬೇಡಿ. ಎಣ್ಣೆ ನಾರಿಗೆ ಇಳಿದರೆ ಅದು ಇನ್ನೂ ಬೇಗ ಕೊಳೆಯುತ್ತದೆ.

ದುಬಾರೆಯ ಆನೆ ಲದ್ದಿ?

ನಗಬೇಡಿ, ನಿಜವಾಗಿಯೂ ಕೇಳುತ್ತಾರೆ. ಇಂಗ್ಲೆಂಡಿನ ಕ್ರಿಸ್ ಒಫಿಲಿ 1992ರಲ್ಲಿ ಜಿಂಬಾಬ್ವೆಗೆ ಹೋಗಿ ಬಂದ ಮೇಲೆ ಆನೆ ಲದ್ದಿಯನ್ನು ಚಿತ್ರಕ್ಕೆ ತಂದ. ಆಮೇಲೆ ಲಂಡನ್ ಮೃಗಾಲಯದಿಂದ ತರಿಸಿಕೊಳ್ಳುತ್ತಿದ್ದ. ಒಣಗಿಸಿ, ರಾಳ ಹಚ್ಚಿ, ಕೆಲವೊಮ್ಮೆ ಚಿತ್ರ ನಿಲ್ಲುವ ಕಾಲುಗಳ ಹಾಗೂ ಇಡುತ್ತಿದ್ದ. 1998ರಲ್ಲಿ ಬ್ರಿಟನ್ನಿನ ದೊಡ್ಡ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿ ಬಂತು. ಮರುವರ್ಷ ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂನಲ್ಲಿ ಅವನ ಮೇರಿ ಮಾತೆಯ ಚಿತ್ರಕ್ಕೆ ದೊಡ್ಡ ಗಲಾಟೆ ಆಯಿತು, ಅಲ್ಲಿನ ಮೇಯರ್ ಮ್ಯೂಸಿಯಂನ ಹಣ ನಿಲ್ಲಿಸಲು ಹೊರಟರು.

ದುಬಾರೆ ಅರಣ್ಯ ಇಲಾಖೆಯ ಆನೆ ಶಿಬಿರ. ಕೇಳದೆ ಏನೂ ತರಬೇಡಿ. ಕೊಟ್ಟರೆ, ಲದ್ದಿಯನ್ನು ಚೆನ್ನಾಗಿ ಬೇಯಿಸಿ ತೊಳೆದು ನಾರು ಮಾತ್ರ ಉಳಿಸಿಕೊಂಡರೆ ಕಾಗದ ಮಾಡಬಹುದು. ಹಸಿ ಲದ್ದಿಯನ್ನು ಕ್ಯಾನ್ವಾಸಿಗೆ ಅಂಟಿಸಿ ಜುಲೈನಲ್ಲಿ ಮನೆಯೊಳಗೆ ಇಟ್ಟುಕೊಳ್ಳುವವರಿಗೆ ನನ್ನ ನಮಸ್ಕಾರ.

ಬೆಂಕಿ, ಹೊಗೆಯಿಂದ ಚಿತ್ರ?

ಫ್ರಾನ್ಸಿನ ಈವ್ ಕ್ಲೈನ್ 1961ರಲ್ಲಿ ದೊಡ್ಡ ಗ್ಯಾಸ್ ಬರ್ನರ್ ಹಿಡಿದು ರಟ್ಟಿನ ಮೇಲೆ ಚಿತ್ರ ಸುಟ್ಟ. ಪಕ್ಕದಲ್ಲೇ ಒಬ್ಬ ಬೆಂಕಿ ಆರಿಸುವವನು ನಿಂತಿದ್ದ. ಚೀನಾದ ತ್ಸಾಯ್ ಗುವೊ-ಚಿಯಾಂಗ್ ಕಾಗದದ ಮೇಲೆ ಮದ್ದುಪುಡಿ ಹರಡಿ ಸಿಡಿಸುತ್ತಾರೆ. ನೀವು ಇದನ್ನು ಮಾಡಬೇಡಿ. ನಿಮ್ಮ ಹತ್ತಿರ ಕೋವಿ ಇದ್ದರೂ ಅದರ ಮದ್ದು ಚಿತ್ರಕ್ಕಲ್ಲ.

ಹೊಗೆ ಸಾಕು. ಹರಳೆಣ್ಣೆ ದೀಪದ ಮೇಲೆ ತಟ್ಟೆ ಹಿಡಿದು, ಕಾಡಿಗೆಗೆ ಮಾಡುವ ಹಾಗೆ ಮಸಿ ಕೂಡಿಸಿ, ಅಂಟಿಗೆ ಕಲಸಿದರೆ ಎಂದೂ ಮಾಸದ ಕಪ್ಪು. ಸೌದೆ ಒಲೆಯ ಅಟ್ಟದಲ್ಲಿ ತೂಗುವ ಇಲ್ಲಣ ಬೇಡ, ಅದರಲ್ಲಿ ಜಿಡ್ಡು ಜಾಸ್ತಿ. ಥರ್ಮಾಕೋಲ್, ಪ್ಲಾಸ್ಟಿಕ್ ಸುಟ್ಟು ಆಕಾರ ಮಾಡುವುದನ್ನು ವಿಡಿಯೋದಲ್ಲಿ ತೋರಿಸುತ್ತಾರೆ. ಆ ಹೊಗೆ ವಿಷ.

ಮೈಲುತುತ್ತದ ನೀಲಿ ಅಷ್ಟು ಚೆನ್ನಾಗಿದೆಯಲ್ಲ?

ಚೆನ್ನಾಗಿದೆ, ವಿಷವೂ ಹೌದು. ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಿ ಉಳಿದದ್ದು ಮನೆಯಲ್ಲಿದ್ದರೆ ಅದು ತೋಟಕ್ಕೇ ಇರಲಿ. ಅದು ನೀರಿಗೆ ಕರಗುವ ಹರಳು, ಬಣ್ಣದ ಹಾಗೆ ಕಾಗದದ ಮೇಲೆ ನಿಲ್ಲುವುದಿಲ್ಲ. ಹಳೆ ಬೈಂಡಿಂಗ್‌ನವರು ಹುಳ ಬಾರದಿರಲಿ ಅಂತ ಮೈದಾ ಅಂಟಿಗೆ ಚಿಟಿಕೆ ಹಾಕುತ್ತಿದ್ದದ್ದು ನಿಜ. ಮಕ್ಕಳಿರುವ ಮನೆಯಲ್ಲಿ ಅದೂ ಬೇಡ.

ಇಂಥ ಚಿತ್ರ ಮಾರುವಾಗ ಏನು ಹೇಳಬೇಕು?

ಬರೇ ಮಿಶ್ರ ಮಾಧ್ಯಮ ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಏನೇನು ಬಳಸಿದ್ದೀರಿ, ಎಲ್ಲಿ ತೂಗುಹಾಕಬಾರದು, ಒದ್ದೆ ಬಟ್ಟೆ ತಾಗಿಸಬಾರದು ಅನ್ನುವುದನ್ನು ಹಿಂಬದಿಗೆ ಕನ್ನಡದಲ್ಲೇ ಬರೆದು ಅಂಟಿಸಿ. ಕಾಫಿ ಚಿತ್ರ ಕೊಂಡು ದೆಹಲಿಯ ಬಿಸಿಲಿಗೆ ಒಯ್ಯುವ ಪ್ರವಾಸಿಗೆ ಅದು ಮಾಸಬಹುದು ಅಂತ ಹೇಳಬೇಕು. ಹೇಳಿದರೆ ಕೊಳ್ಳುವುದಿಲ್ಲ ಅನ್ನುವ ಹೆದರಿಕೆ ಬೇಡ, ಕೊಳ್ಳುವವರು ಕೊಳ್ಳುತ್ತಾರೆ.

ಉಳಿಯದ ವಸ್ತುವಿನಿಂದಲೇ ಕೆಲಸ ಮಾಡಬೇಕು ಅಂದರೆ ಬ್ರೆಜಿಲಿನ ವಿಕ್ ಮುನಿಜ್ ದಾರಿ ನೋಡಿ. ಚಾಕೊಲೇಟ್ ಪಾಕ, ಸಕ್ಕರೆ, ದೂಳು, ಕಸದಿಂದ ಚಿತ್ರ ಮಾಡಿ, ಫೋಟೋ ತೆಗೆದು, ಆ ಫೋಟೋವನ್ನೇ ಕೃತಿ ಅಂತ ಕೊಡುತ್ತಾರೆ.

ಇಂಥ ಕೆಲಸಗಳನ್ನು ಹತ್ತಿರದಲ್ಲಿ ಎಲ್ಲಿ ನೋಡಬಹುದು?

ಕೊಚ್ಚಿ-ಮುಜಿರಿಸ್ ಬಿನಾಲೆ 2012ರಲ್ಲಿ ಶುರುವಾಯಿತು. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಕಣ್ಣೂರು ಸೇರಿದರೆ ಅಲ್ಲಿಂದ ರೈಲು ಇದೆ. ನಮ್ಮಷ್ಟೇ ತೇವದ ಊರು ಅದು, ಹಳೆ ಗೋದಾಮುಗಳಲ್ಲಿ ಕೃತಿಗಳನ್ನು ಹೇಗೆ ಕಾಪಾಡುತ್ತಾರೆ ಅನ್ನುವುದನ್ನೂ ಗಮನಿಸಿ. ಬೆಂಗಳೂರಿನಲ್ಲಿ ಮಾಣಿಕ್ಯವೇಲು ಮ್ಯಾನ್ಷನ್‌ನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದೆ. ಅಲ್ಲಿ ಬರೆದವರೇ ಪಕ್ಕದಲ್ಲಿ ನಿಂತಿರುತ್ತಾರೆ. ಯಾವ ಅಂಟು ಹಾಕಿದಿರಿ, ಎಷ್ಟು ವರ್ಷ ಆಯಿತು, ಮಳೆಗಾಲ ದಾಟಿದೆಯಾ ಅಂತ ನೇರವಾಗಿ ಕೇಳಿ. ಕಾಫಿ ಕೊಯ್ಲು ನಡೆಯುವ ಹೊತ್ತು ಅದು, ತೋಟದವರು ಬಿಡುವು ಮೊದಲೇ ನೋಡಿಕೊಳ್ಳಿ.